ನಾಕೂ ಮುಕ್ಕಾಲು ಕಿಲೋ ಪಡಸಾಲಿ

ಹರಾಜಿನ್ಯಾಗ ಕೂಗಿ ಹಿಡದ ಹಳೆ ಆಂಬುಲೆನ್ಸು
ಈಗ ನಮ್ಮಿಬ್ಬರ ಮನಿ:
ಸ್ಟ್ರೆಚರ್ ಇದ್ದಲ್ಲಿ ಹಾಸಿಗಿ,
ಆಕ್ಸಿಜನ್ ಸಿಲಿಂಡರ್ ನಿಂತಲ್ಲಿ ಗ್ಯಾಸಿನ ಒಲಿ,
ಸಲೈನ್ ತೂಗುವ ಕೊಂಡಿಗೆ ಉಳ್ಳಾಗಡ್ಡಿ ಚೀಲ.
ಎಲ್ಲಾ ಐತಿ. ಪಡಸಾಲಿ ಒಂದಿಲ್ಲ.

'ಪಡಸಾಲಿ ಇಲ್ಲದ್ದು ಮನಿ ಅಲ್ಲ, ಪೆಟ್ಟಿಗಿ'
ಅಂದ್ಲು ನಂದಕ್ಕ.
ಮೂವತ್ತೊಂದು ವರ್ಷ ಇಂಡಿ ತಾಲೂಕಿನ ಹಳ್ಳಿಯೊಳಗ
ಬಾಣಂತಿ ಕೋಣಿಗೆ ಹೋಗೂ ಮೊದಲು
ನಾವಿಬ್ಬರೂ ಕುಂತದ್ದು ಮಂದಿ ಪಡಸಾಲಿಯೊಳಗ.
ಚಾ ಬಂದದ್ದು ಅಲ್ಲೇ, ಬೈಗಳ ಬಂದದ್ದೂ ಅಲ್ಲೇ.

ಅದಕ್ಕ ಇವತ್ತು ವಿಜಯಪುರ, ಸ್ಟೇಷನ್ ರಸ್ತೆ,
ನಬೀಸಾಬನ ತಾಡಪತ್ರಿ ಅಂಗಡಿ.
ಮೊದಲು ಬಿಚ್ಚಿದ್ದು ಕ್ಯಾನ್ವಾಸು,
ಮಿಲಿಟರಿ ಹಸರು, ಹಿತ್ತಾಳಿ ಕಣ್ಣು.
'ಅಕ್ಕಾರ, ಮೊಮ್ಮಕ್ಕಳ ಕಾಲಕ್ಕೂ ಬರ್ತದ್ರಿ ಇದು.'
ನಮಗ ಮೊಮ್ಮಕ್ಕಳಿಲ್ಲ. ಮಕ್ಕಳೂ ಇಲ್ಲ.
ನಮ್ಮ ಕೈಯಾಗ ಹುಟ್ಟಿದವರ ಲೆಕ್ಕ ಬ್ಯಾರೆ,
ಅದು ರಜಿಸ್ಟರಿನೊಳಗ ಐತಿ.
ಎಷ್ಟ ವರ್ಷ ಬರ್ತದ ಅಂತಲ್ಲೋ ನಬೀಸಾಬ,
ಎತ್ತಾವರು ಯಾರು ಹೇಳು.

ನಂದಕ್ಕ ಚೀಲದಿಂದ ತೆಗದ್ಲು
ಗಡಿಯಾರದಂಥಾ ಮಾರಿ ಇದ್ದ ಕೂಸಿನ ತಕ್ಕಡಿ,
ನಿವೃತ್ತಿ ದಿನ ಶಾಲು ಹಾರ ಬಿಟ್ಟು
ಕೇಳಿ ತಂದಿದ್ದು ಇದೊಂದನ್ನ.
ಅಂಗಡಿ ತೊಲಿಗೆ ಕೊಕ್ಕಿ ಸಿಗಿಸಿ
ಜೋಳಿಗಿಯೊಳಗ ಕ್ಯಾನ್ವಾಸು ಕುಂದರಿಸಿದರ
ಮುಳ್ಳು ಇಪ್ಪತ್ತೈದಕ್ಕ ಬಡದು ನಡುಗಿತು.
'ಇದನ್ನ ಹಡದ್ರ ತಾಯಿ ಉಳಿಯೂದಿಲ್ಲ.'

ಲಗ್ನದ ಪೆಂಡಾಲಿಂದು, ಕೆಂಪು, ಜರಿ ಅಂಚು:
ಹನ್ನೊಂದು ಕಿಲೋ, ಮ್ಯಾಲ ಕಬ್ಬಿಣದ ಕೊಳವಿ.
ನೀಲಿ ಪ್ಲಾಸ್ಟಿಕ್ಕು ಎರಡ ಕಿಲೋ.
ಹಗುರ. ಸೋವಿ.
ಆದರ ಅದರ ಕೆಳಗ ನಿಂತವರ ಮಾರಿ
ಹುಟ್ಟಿ ಅಳದ ಕೂಸಿನ ಬಣ್ಣ.
ನಂದಕ್ಕ ಕೈ ಹಿಂದಕ್ಕ ಎಳಕೊಂಡ್ಲು.
ನಬೀಸಾಬಗ ತಿಳೀಲಿಲ್ಲ. ನಾ ಹೇಳಲಿಲ್ಲ.

ಕಡೀಕ ಅಟ್ಟದ ಮ್ಯಾಲಿಂದ ಹುಡುಗ ಒಂದು ಗಂಟು ಒಗದ:
ಪ್ಯಾರಾಚೂಟ್ ಅರಿವಿ, ಬೂದಿ ಬಣ್ಣ,
ಯಾವನೋ ಹೇಳಿ ಹೊಲಸಿ ಒಯ್ಯದ ಬಿಟ್ಟದ್ದು.
ಬೆತ್ತದಂಗ ಬಾಗೂ ಫೈಬರ್ ಕೋಲು ಮೂರು.
ಅಂಚಿನೊಳಗ ಹಗ್ಗ ಇಟ್ಟು ಹೊಲದಾರ,
ವ್ಯಾನಿನ ಮಾಡಿನ ಪಟ್ಟಿಯೊಳಗ ಅದು
ಲಂಗದ ಲಾಡಿಯಂಗ ಸರಸರ ಜಾರತದ.
ಕೋಲು ಕೂಡಿ ತೂಗಿದ್ವಿ. ನಾಕೂ ಮುಕ್ಕಾಲು.
ಆ ತೂಕದ ಕೂಸು ಹುಟ್ಟಿದ್ದು ನಾ ನೋಡಿದ್ದು ಒಂದಽ,
ದೇವರ ನಿಂಬರಗಿಯೊಳಗ, ಜ್ವಾಳದ ರಾಶಿ ದಿನ.
ನಂದಕ್ಕಗ ಅದರ ಹೆಸರೂ ನೆನಪೈತಿ.

'ಗಾಳಿ?' ಅಂದೆ.
ಆಷಾಢದೊಳಗ ಇಲ್ಲಿ ಗಾಳಿ
ಅರಿವಿ ಒಣಗಸೂದಿಲ್ಲ, ಒಯ್ತದ.
ನಬೀಸಾಬ ನಕ್ಕ: 'ಗಾಳಿಗೆ ಜಗ್ಗದ್ದು ಬೇಕಂದ್ರ
ಗೋಳಗುಮ್ಮಟ ಕೊಳ್ರಿ. ಇದು ಬಾಗತದ, ಏಳತದ.
ಭಾಳ ಬೀಸಿದ್ರ ಇಳಿಸಿ ಮಡಚಿ ಒಳಗ ಕುಂದರ್ರಿ.'

ಒಬ್ಬಾಕಿನ ಇಳಸಬಹುದೇನು?
ಕೇಳಿದಾಕಿ ನಾನು.
ನಂದಕ್ಕ ಹಗ್ಗದ ಸುರಳಿ ನೋಡಕೋತ ನಿಂತ್ಲು.
ಹೋದ ದೀಪಾವಳಿಯಿಂದ ಆಕಿ ಬಲಗೈ
ಹೆಗಲಿನ ಮ್ಯಾಲ ಏಳೂದಿಲ್ಲ.
'ಎಡಗೈಲೆ ಇಳಸಬಹುದ್ರಿ' ಅಂದ ಆತ.
ಯಾವ ಕೈ ಅಂತ ನಾವು ಹೇಳಿರಲಿಲ್ಲ.

ಸಂಜೀಕ ಊರ ಹೊರಗ ಬೇವಿನ ಗಿಡದ ಬಾಜೂಕ
ಹಚ್ಚಿ ನೋಡಿದ್ವಿ.
ಗರಸು ನೆಲ, ಗೂಟ ಎರಡು ಡೊಂಕಾದವು,
ಮೂರನೇ ಹಗ್ಗ ಕಲ್ಲಿಗೆ ಬಿಗದ್ವಿ.
ಒಂದು ಚಾ ಕುದಿಯೂ ಹೊತ್ತು, ಒಂದು ಸಣ್ಣ ಜಗಳ.

ಒಬ್ಬಾಕಿ ಬಂದ್ಲು, ಕಂಕುಳಾಗ ಕೂಸು.
ಅಳಿಸಿದರೂ ಕಾಣೂ ಕೆಂಪು ಗುರುತು ನೋಡಿ,
'ಇವತ್ತ ಇಂಜೆಕ್ಷನ್ ಏನ್ರಿ ಬಾಯಾರ?'
ಇಲ್ಲವಾ, ಸುಮ್ನ ಕುಂತೇವಿ.
ಸುಮ್ನ ಕುಂತವರನ್ನ ಆಕಿ ಮೊದಲು ನಂಬಲಿಲ್ಲ.
ಆಮ್ಯಾಗ ಚಪ್ಪಲಿ ಬಿಟ್ಟು,
ಹೊಸ್ತಿಲು ಇಲ್ಲದಲ್ಲಿ ಹೊಸ್ತಿಲು ದಾಟಿದಂಗ ಕಾಲೆತ್ತಿ
ಒಳಗ ಬಂದ್ಲು.